ಬಯಾಪ್ಸಿ ವಿಡಿಯೊ ನೋಡಿ ಅಮ್ಮ ಇನ್ನಷ್ಟು ಹೆದರಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ಎರಡು ತಿಂಗಳಿಂದ ಕಾಲು, ಮುಖ ಊದಿಕೊಳ್ಳುತ್ತಿವೆ. ಮೂತ್ರದಲ್ಲಿ ಪ್ರೋಟೀನ್ ಬಹಳ ಹೋಗುತ್ತಿದೆ, ಕಾರಣ ತಿಳಿಯಲು ಕಿಡ್ನಿ ಬಯಾಪ್ಸಿ ಮಾಡಬೇಕು ಎಂದು ಹುಬ್ಬಳ್ಳಿಯ ವೈದ್ಯರು ಮುಂದಿನ ವಾರಕ್ಕೆ ದಿನ ಕೊಟ್ಟಿದ್ದಾರೆ. ಧೈರ್ಯ ಬರಲಿ ಎಂದು ನಾನೇ ಮೊಬೈಲ್‌ನಲ್ಲಿ ಒಂದು ವಿಡಿಯೊ ಹುಡುಕಿ ತೋರಿಸಿದೆ. ಮಾತೆಲ್ಲ ಇಂಗ್ಲಿಷ್, ಸೂಜಿ ಚುಚ್ಚುವುದನ್ನು ತೀರಾ ಹತ್ತಿರದಿಂದ ತೋರಿಸಿದ್ದರು. ಅಂದಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ‘ನನಗ ಬ್ಯಾಡವೇ ಬ್ಯಾಡ’ ಅನ್ನುತ್ತಿದ್ದಾರೆ. ವಿಡಿಯೊ ತೋರಿಸಿದ್ದೇ ತಪ್ಪಾಯಿತೇ? ತೋರಿಸುವುದಾದರೆ ಎಂಥದ್ದನ್ನು ತೋರಿಸಬೇಕು? ಬಯಾಪ್ಸಿ ಮಾಡುವಾಗ ನಾನು ಅಮ್ಮನ ಪಕ್ಕದಲ್ಲಿ ಇರಬಹುದೇ? — ಹಾವೇರಿ ಜಿಲ್ಲೆಯ ಓದುಗರು

ಉತ್ತರ: ತೋರಿಸಬೇಕು ಅಂದುಕೊಂಡಿದ್ದು ತಪ್ಪಲ್ಲ. ನಿಮಗೆ ಸಿಕ್ಕಿದ ವಿಡಿಯೊ ಮಾತ್ರ ನಿಮ್ಮ ಅಮ್ಮನಿಗಾಗಿ ಮಾಡಿದ್ದಲ್ಲ. ನೀವು ಹೇಳುವ ಬಗೆಯ ವಿಡಿಯೊಗಳು ಸಾಮಾನ್ಯವಾಗಿ ಕಲಿಯುತ್ತಿರುವ ವೈದ್ಯರಿಗೆಂದು ತೆಗೆದಂಥವು. ಅವುಗಳಲ್ಲಿ ಕ್ಯಾಮೆರಾ ವೈದ್ಯರ ಕಣ್ಣಿನ ಜಾಗದಲ್ಲಿ ಇರುತ್ತದೆ: ಸೂಜಿ ಯಾವ ಕೋನದಲ್ಲಿ ಹೋಗಬೇಕು, ಎಷ್ಟು ಆಳಕ್ಕೆ ಇಳಿಯಬೇಕು, ತುದಿ ಎಲ್ಲಿದೆ. ಅಮ್ಮ ಇದ್ಯಾವುದನ್ನೂ ನೋಡುವುದಿಲ್ಲ. ಬೋರಲು ಮಲಗಿ, ಮುಖ ಒಂದು ಪಕ್ಕಕ್ಕೆ ಮಾಡಿಕೊಂಡು ಗೋಡೆ ನೋಡುತ್ತಿರುತ್ತಾರೆ. ಬೆನ್ನಿಗೆ ತಣ್ಣಗೆ ಏನೋ ಸವರಿದ್ದು ಗೊತ್ತಾಗುತ್ತದೆ, ಹಿಂದಿನಿಂದ ಮಾತು ಕೇಳಿಸುತ್ತದೆ, ಒಂದು ಸದ್ದು ಬರುತ್ತದೆ. ಅವರ ಪಾಲಿಗೆ ಬಯಾಪ್ಸಿ ಎಂದರೆ ಇಷ್ಟೇ. ಅವರು ಎಂದೂ ಕಾಣದ ದೃಶ್ಯವನ್ನು ತೋರಿಸಿ, ಅವರಿಗೆ ನಿಜವಾಗಿ ಆಗುವ ಅನುಭವವನ್ನು ಹೇಳದೆ ಬಿಟ್ಟರೆ ಹೆದರಿಕೆ ಹೆಚ್ಚದೆ ಇರುತ್ತದೆಯೇ?

ಹೊಸ ವಿಡಿಯೊ ಹುಡುಕುವ ಮೊದಲು ಅಮ್ಮನ ಹತ್ತಿರ ಕೂತು, ‘ನಿನಗೆ ಯಾವುದರ ಹೆದರಿಕೆ?’ ಎಂದು ಕೇಳಿ. ಸೂಜಿಯ ಹೆದರಿಕೆ ಎಂದು ನಾವೇ ಅಂದುಕೊಂಡುಬಿಡುತ್ತೇವೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಜನರಿಗೆ ಸೂಜಿ ದೊಡ್ಡ ವಿಷಯವೇ ಅಲ್ಲ. ಒಬ್ಬರಿಗೆ ‘ಬಯಾಪ್ಸಿ’ ಎಂಬ ಮಾತೇ ಕ್ಯಾನ್ಸರ್ ಎಂದು ಕೇಳಿಸುತ್ತದೆ, ಏಕೆಂದರೆ ಊರಲ್ಲಿ ಹಿಂದೆ ಯಾರಿಗೋ ಬಯಾಪ್ಸಿ ಮಾಡಿದ್ದು ಗಡ್ಡೆಗೆ. ಇನ್ನೊಬ್ಬರಿಗೆ ‘ಕಿಡ್ನಿಯ ತುಂಡು ತೆಗೆಯುತ್ತಾರೆ’ ಎಂದ ಕೂಡಲೇ ಕಿಡ್ನಿ ಕೊಯ್ದು ಹೋಳು ಮಾಡಿದ ಚಿತ್ರ ಕಣ್ಣ ಮುಂದೆ ಬರುತ್ತದೆ. ಮೂರನೆಯವರು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ: ಒಳಗೆ ಕರೆದುಕೊಂಡು ಹೋಗಿ ಕಿಡ್ನಿಯನ್ನೇ ತೆಗೆದುಬಿಟ್ಟರೆ? ಇದನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಬಡವರಿಗೆ ಹಣದ ಆಸೆ ತೋರಿಸಿ ಕಿಡ್ನಿ ಕೊಳ್ಳುವ ದಂಧೆ ನಮ್ಮ ದೇಶದಲ್ಲಿ ನಡೆದದ್ದು ನಿಜ. ಅದನ್ನು ತಡೆಯಲೆಂದೇ 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. ಆ ಸುದ್ದಿಗಳನ್ನು ಕೇಳಿಕೊಂಡೇ ಬೆಳೆದವರು ಇಂದು ಐವತ್ತು ದಾಟಿದ್ದಾರೆ.

ಅದಕ್ಕೇ ನಾನು ‘ತುಂಡು’ ಎಂಬ ಮಾತನ್ನು ಬಳಸುವುದನ್ನೇ ಬಿಟ್ಟಿದ್ದೇನೆ. ‘ಶಾವಿಗೆ ಎಳೆ’ ಎನ್ನುತ್ತೇನೆ, ಏಕೆಂದರೆ ನೋಡಲು ಅದು ಹಾಗೇ ಇರುತ್ತದೆ. ಹೆಚ್ಚಾಗಿ ಬಳಸುವುದು 16 ಅಥವಾ 18 ಗೇಜ್ ಸೂಜಿ. ದಪ್ಪ ಸುಮಾರು ಒಂದೂವರೆ ಮಿಲಿಮೀಟರ್, ಇಲ್ಲವೇ ಅದಕ್ಕೂ ಸ್ವಲ್ಪ ಕಡಿಮೆ. ಹೊರಬರುವ ಎಳೆಯ ಉದ್ದ ಒಂದರಿಂದ ಎರಡು ಸೆಂಟಿಮೀಟರ್. ಸಾಮಾನ್ಯವಾಗಿ ಇಂಥ ಎರಡು ಎಳೆ ಸಾಕು. ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಜರಡಿಗಳು ಸುಮಾರು ಹತ್ತು ಲಕ್ಷ ಇರುತ್ತವೆ, ಆ ಎಳೆಗಳಲ್ಲಿ ಸಿಗುವುದು ಹತ್ತಿಪ್ಪತ್ತು. ಅನ್ನ ಬೆಂದಿದೆಯೇ ಎಂದು ನೋಡಲು ಎರಡು ಅಗುಳು ಹಿಚುಕಿದ ಹಾಗೆ ಎಂದರೆ ನಿಮ್ಮ ಅಮ್ಮನಿಗೆ ಯಾವ ವಿಡಿಯೊಗಿಂತ ಬೇಗ ಅರ್ಥವಾಗುತ್ತದೆ. ಅವರಿಗೆ ಮಾಡುತ್ತಿರುವುದು ಕ್ಯಾನ್ಸರ್ ಇದೆಯೇ ಎಂದು ನೋಡಲು ಅಲ್ಲ, ಜರಡಿ ಏಕೆ ಸೋರುತ್ತಿದೆ ಎಂದು ನೋಡಲು. ಈ ಒಂದು ವಾಕ್ಯವನ್ನು ಇವತ್ತೇ ಹೇಳಿ.

ಇನ್ನು ವಿಡಿಯೊ ವಿಚಾರ. ಮೊದಲೇ ತಿಳಿಸಿಟ್ಟರೆ ರೋಗಿಗೆ ನಿರಾಳ ಎಂಬುದು ಹೊಸ ಮಾತಲ್ಲ. 1964ರಲ್ಲಿ ಬಾಸ್ಟನ್ನಿನ ಎಗ್ಬರ್ಟ್ ಎಂಬ ಅರಿವಳಿಕೆ ತಜ್ಞರು ಮತ್ತು ಸಂಗಡಿಗರು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ 97 ಜನರಲ್ಲಿ ಒಂದು ಗುಂಪಿಗೆ ನೋವು ಎಲ್ಲಿ ಬರುತ್ತದೆ, ಎಷ್ಟು ದಿನ ಇರುತ್ತದೆ, ಆಗ ಹೇಗೆ ಹೊರಳಬೇಕು ಎಂದು ಮುಂಚೆಯೇ ಕೂತು ವಿವರಿಸಿದರು. ಆ ಗುಂಪಿನವರಿಗೆ ಆಮೇಲೆ ಬೇಕಾದ ನೋವಿನ ಮದ್ದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 1970ರ ದಶಕದಲ್ಲಿ ಜೀನ್ ಜಾನ್ಸನ್ ಎಂಬ ನರ್ಸಿಂಗ್ ಸಂಶೋಧಕಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ‘ನಾವು ಏನು ಮಾಡುತ್ತೇವೆ’ ಎಂದಷ್ಟೇ ಹೇಳಿಸಿಕೊಂಡವರಿಗಿಂತ ‘ನಿಮಗೆ ಏನು ಅನ್ನಿಸುತ್ತದೆ’ ಎಂದು ಹೇಳಿಸಿಕೊಂಡವರಿಗೆ ಸಂಕಟ ಕಡಿಮೆ ಎಂದು ಅವರು ತೋರಿಸಿಕೊಟ್ಟರು. ನನ್ನ ಮಟ್ಟಿಗೆ ಒಳ್ಳೆಯ ವಿಡಿಯೊ, ಕೆಟ್ಟ ವಿಡಿಯೊ ಎಂದು ಬೇರ್ಪಡಿಸುವ ಗೆರೆ ಇದೇ. ಚಿತ್ರ ಎಷ್ಟು ಚೆನ್ನಾಗಿದೆ ಎಂಬುದು ಆಮೇಲಿನ ಮಾತು.

ಹಾಗಾದರೆ ಅಮ್ಮನಿಗೆ ಏನು ಅನ್ನಿಸುತ್ತದೆ? ಹೇಳುತ್ತೇನೆ, ಇದನ್ನೇ ನೀವು ನಿಮ್ಮ ಮನೆಯ ಮಾತಿನಲ್ಲಿ ಹೇಳಿದರೂ ನಡೆಯುತ್ತದೆ.

ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ದಿಂಬು ಇಡುತ್ತಾರೆ. 1951ರಲ್ಲಿ ಕೋಪನ್‌ಹೇಗನ್ನಿನ ಇವರ್ಸನ್ ಮತ್ತು ಬ್ರೂನ್ ಸೂಜಿಯಿಂದ ಕಿಡ್ನಿ ಬಯಾಪ್ಸಿ ಮಾಡುವ ಕ್ರಮವನ್ನು ಪ್ರಕಟಿಸಿದಾಗ ರೋಗಿಯನ್ನು ಕೂರಿಸಿ ಮಾಡುತ್ತಿದ್ದರು, ಎಷ್ಟೋ ಸಲ ಸೂಜಿಗೆ ಕಿಡ್ನಿ ಸಿಗುತ್ತಲೇ ಇರಲಿಲ್ಲ. 1954ರಲ್ಲಿ ಶಿಕಾಗೊದ ಕಾರ್ಕ್ ಮತ್ತು ಮುರ್ಕೆ ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ಮರಳಿನ ಚೀಲ ಇಟ್ಟರು, ಕೆಲಸ ಸಲೀಸಾಯಿತು. ಆ ಮರಳಿನ ಚೀಲವೇ ಇಂದಿನ ದಿಂಬು. ದಪ್ಪ ಮೈಯವರಿಗೆ, ಕಾಲು ಮುಖ ಊದಿದವರಿಗೆ ಹೀಗೆ ಮಲಗುವುದೇ ಸ್ವಲ್ಪ ಕಷ್ಟ. ಬೆನ್ನಿಗೆ ಅಲ್ಟ್ರಾಸೌಂಡಿನ ಜೆಲ್ ತಣ್ಣಗೆ ತಾಗುತ್ತದೆ, ಆಮೇಲೆ ಔಷಧ ಹಚ್ಚಿ ಒರೆಸುತ್ತಾರೆ, ಅದೂ ತಣ್ಣಗೆ. ಮರಗಟ್ಟುವ ಇಂಜೆಕ್ಷನ್ ಕೊಡುವಾಗ ಚುರ್ರೆಂದು ಉರಿಯುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ನೋವಾಗುವ ಗಳಿಗೆ ಬಹುತೇಕರಿಗೆ ಇದೇ, ಕೆಲವೇ ಸೆಕೆಂಡು. ಅಲ್ಲಿಂದಾಚೆಗೆ ಯಾರೋ ಬೆರಳಿನಿಂದ ಒತ್ತಿದ ಹಾಗೆ ಅನ್ನಿಸುತ್ತದೆ, ಚೂಪು ಗೊತ್ತಾಗುವುದಿಲ್ಲ. ಗೊತ್ತಾದರೆ ಬಾಯಿ ಬಿಟ್ಟು ಹೇಳಬೇಕು, ಇನ್ನಷ್ಟು ಮದ್ದು ಕೊಡುತ್ತಾರೆ. ‘ಉಸಿರು ತೊಗೊಳ್ಳಿ, ಹಿಡೀರಿ’ ಎನ್ನುತ್ತಾರೆ. ಕಿಡ್ನಿ ಇರುವುದು ಉಸಿರಾಟದ ಪರದೆಯ ಕೆಳಗೆ, ಉಸಿರಾಡಿದಂತೆಲ್ಲ ಅದು ಮೇಲೆ ಕೆಳಗೆ ಜಾರುತ್ತಿರುತ್ತದೆ. ಹಿಡಿದ ಆ ಗಳಿಗೆಯಲ್ಲಿ ‘ಟಕ್’ ಎಂದು ಸದ್ದು, ಸೊಂಟದಲ್ಲಿ ಒಂದು ಸಣ್ಣ ಕುಲುಕು. ‘ಉಸಿರು ಬಿಡಿ.’ ಮುಗಿಯಿತು. ಇದೇ ಇನ್ನೊಂದು ಸಲ, ಕೆಲವೊಮ್ಮೆ ಮೂರನೆಯ ಸಲ. ಮೇಜಿನ ಮೇಲೆ ಇರುವುದು ಒಟ್ಟು ಅರ್ಧ ಗಂಟೆ, ಸೂಜಿಯ ಕೆಲಸ ಅದರಲ್ಲಿ ಕೆಲವೇ ಕ್ಷಣ.

ಆ ‘ಟಕ್’ ಸದ್ದಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಸೂಜಿಯ ಹಿಂದೆ ಸ್ಪ್ರಿಂಗ್ ಇರುವ ಸಾಧನ ಅದು, ಸ್ಟೇಪ್ಲರ್ ಒತ್ತಿದ ಹಾಗೆ ಸದ್ದು ಬರುತ್ತದೆ. ಎಷ್ಟೋ ವರ್ಷದ ಹಿಂದೆ ಬ್ಯಾಡಗಿ ಕಡೆಯ ರೈತರೊಬ್ಬರಿಗೆ ಬಯಾಪ್ಸಿ ಮಾಡುತ್ತಿದ್ದೆ. ಎಲ್ಲ ವಿವರಿಸಿದ್ದೆ, ಸದ್ದಿನ ಮಾತು ಬಿಟ್ಟುಹೋಗಿತ್ತು. ಟಕ್ ಎಂದ ಕೂಡಲೇ ಅವರ ಇಡೀ ಮೈ ಸೆಟೆದುಕೊಂಡಿತು. ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತಾ, ‘ಸರ, ನೋವೇನೂ ಆಗಲಿಲ್ಲರಿ. ಒಳಗ ಏನೋ ಮುರೀತು ಅಂತ ತಿಳದೆ’ ಅಂದರು. ನೋವಿಲ್ಲದ ಗಳಿಗೆಯಲ್ಲಿ ಆ ಮನುಷ್ಯ ಅಷ್ಟು ಹೆದರಿದ್ದು ನಾನು ಹೇಳದೇ ಇದ್ದ ಒಂದು ಸದ್ದಿಗೆ. ಅಂದಿನಿಂದ ಮರಗಟ್ಟುವ ಮದ್ದು ಕೊಡುವ ಮೊದಲೇ ಆ ಸಾಧನವನ್ನು ಒಂದು ಸಲ ಗಾಳಿಯಲ್ಲಿ ಒತ್ತಿ ಸದ್ದು ಕೇಳಿಸುತ್ತೇನೆ. ವಿಡಿಯೊದ ನಿಜವಾದ ಉಪಯೋಗವೂ ಇಲ್ಲೇ ಇದೆ. ಮುದ್ರಿಸಿದ ಚೀಟಿ ಆ ಸದ್ದನ್ನು ಕೇಳಿಸಲಾರದು, ವಿಡಿಯೊ ಕೇಳಿಸುತ್ತದೆ. ಮನೆಯಲ್ಲಿ ಎರಡು ಸಲ ಕೇಳಿದ ಸದ್ದಿಗೆ ಮೂರನೆಯ ಸಲ ಮೈ ಬೆಚ್ಚುವುದಿಲ್ಲ.

ಅಮ್ಮನ ಭಯ ಇಳಿಯಬೇಕು ಎನ್ನುವುದು ಬರೀ ಸಮಾಧಾನದ ಮಾತಲ್ಲ. ಗಾಬರಿಯಾದರೆ ಬಿ.ಪಿ. ಏರುತ್ತದೆ, ಬಿ.ಪಿ. ಏರಿದ್ದರೆ ಬಯಾಪ್ಸಿಯ ನಂತರ ರಕ್ತ ಒಸರುವ ಸಂಭವ ಹೆಚ್ಚು. ಸಾಮಾನ್ಯವಾಗಿ 140/90ರ ಒಳಗೆ ಇರಲಿ ಎಂದು ನೋಡುತ್ತೇವೆ. ಮೇಜಿನ ಮೇಲೆ ಮಲಗಿಸಿದ ಮೇಲೆ 170 ಬಂದು, ಆ ದಿನ ಬೇಡವೆಂದು ವಾಪಸು ಕಳಿಸಿದ್ದೂ ಉಂಟು. ಬಸ್ಸಿನಲ್ಲಿ ನಾಲ್ಕು ಗಂಟೆ ಬಂದವರನ್ನು ಹಾಗೆ ಕಳಿಸುವುದು ನಮಗೂ ಸಂಕಟವೇ. ಉಸಿರು ಹಿಡಿಯಲೂ ಗಾಬರಿ ಅಡ್ಡ ಬರುತ್ತದೆ. ಅಗತ್ಯ ಬಿದ್ದರೆ ಸಣ್ಣ ಪ್ರಮಾಣದಲ್ಲಿ ಶಮನದ ಮಾತ್ರೆ ಕೊಡುತ್ತೇವೆ. ಆದರೆ ಹೇಳಿದಾಗ ಉಸಿರು ಹಿಡಿಯುವಷ್ಟು ಎಚ್ಚರ ಇರಲೇಬೇಕಾದ್ದರಿಂದ ನಿದ್ದೆ ಬರಿಸಿ ಮಾಡುವುದು ವಯಸ್ಕರಲ್ಲಿ ಅಪರೂಪ.

ಅಪಾಯವನ್ನು ಮುಚ್ಚಿಡುವ ವಿಡಿಯೊ ಸಿಕ್ಕರೆ ಅದನ್ನೂ ಬದಿಗಿಡಿ. ‘ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ’ ಎಂದು ಹೇಳಿ ಕಳಿಸಿದವರು ಮಾರನೆಯ ದಿನ ಮೂತ್ರ ಕೆಂಪಾದಾಗ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಇರುವ ಲೆಕ್ಕ ಹೀಗಿದೆ: ನೂರು ಜನರಲ್ಲಿ ಮೂರ್ನಾಲ್ಕು ಜನರಿಗೆ ಮೂತ್ರ ಕಣ್ಣಿಗೆ ಕಾಣುವಷ್ಟು ಕೆಂಪಾಗಬಹುದು, ಹೆಚ್ಚಿನವರಲ್ಲಿ ಒಂದೆರಡು ದಿನದಲ್ಲಿ ತಾನೇ ತಿಳಿಯಾಗುತ್ತದೆ. ರಕ್ತ ಕೊಡಬೇಕಾಗಿ ಬರುವುದು ನೂರಕ್ಕೆ ಒಬ್ಬಿಬ್ಬರಿಗೆ. ರಕ್ತ ನಿಲ್ಲಿಸಲು ಬೇರೆ ಚಿಕಿತ್ಸೆ ಬೇಕಾಗುವುದು ಸಾವಿರಕ್ಕೆ ಕೆಲವೇ ಜನರಿಗೆ. ಜೀವಕ್ಕೆ ಅಪಾಯವಾಗುವುದು ತೀರಾ ವಿರಳ, ಆದರೆ ಸೊನ್ನೆ ಅಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ, ಕೀಲುನೋವಿನ ಮಾತ್ರೆ ಅಮ್ಮ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ವೈದ್ಯರಿಗೆ ಹೇಳಿ. ಕೆಲವನ್ನು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ, ನೀವಾಗಿ ಮಾತ್ರ ನಿಲ್ಲಿಸಬೇಡಿ.

ವಿಡಿಯೊ ಶಿಕ್ಷಣದಿಂದ ಆತಂಕ ಇಳಿಯುತ್ತದೆಯೇ ಎಂದು ಬೇರೆ ಬೇರೆ ತಪಾಸಣೆಗಳಲ್ಲಿ ಬಹಳ ಜನ ಅಳೆದು ನೋಡಿದ್ದಾರೆ. ಹೆಚ್ಚಾಗಿ ಬಳಸುವ ಅಳತೆಗೋಲಿನಲ್ಲಿ ‘ಈ ಗಳಿಗೆಯಲ್ಲಿ ನಿಮಗೆ ಹೇಗನ್ನಿಸುತ್ತಿದೆ’ ಎಂಬ ಬಗೆಯ 20 ಪ್ರಶ್ನೆ ಇರುತ್ತವೆ, ಅಂಕ 20ರಿಂದ 80ರವರೆಗೆ. ಎಷ್ಟೋ ಕಡೆ ಅಂಕ ಇಳಿದಿದೆ, ಕೆಲವು ಕಡೆ ಏನೂ ವ್ಯತ್ಯಾಸವಾಗಿಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಾಯುವ ಕೋಣೆಯ ಟಿ.ವಿ.ಯಲ್ಲಿ ಹಾಕಿಟ್ಟು, ನರ್ಸ್ ಅತ್ತ ಹೋದರೆ ವಿಡಿಯೊ ಒಂದು ಜಾಹೀರಾತಿನ ಹಾಗೆ ಹರಿದುಹೋಗುತ್ತದೆ. ನೋಡಿ ಮುಗಿದ ಮೇಲೆ ಒಬ್ಬ ಮನುಷ್ಯ ಪಕ್ಕದಲ್ಲಿ ಕೂತು ‘ಈಗ ಕೇಳಿ’ ಎಂದಾಗಲೇ ಅದು ಕೆಲಸ ಮಾಡುವುದು. ವೈದ್ಯರ ಸಮಯ ಉಳಿಸಲು ವಿಡಿಯೊ ತರುವುದನ್ನು ನಾನು ಒಪ್ಪುವುದಿಲ್ಲ. ಅದೇ ಹತ್ತು ನಿಮಿಷದಲ್ಲಿ ಅಂಗರಚನೆ ವಿವರಿಸುವುದು ತಪ್ಪಿ, ರೋಗಿಯ ಸ್ವಂತ ಪ್ರಶ್ನೆಗೆ ಜಾಗ ಸಿಗಲಿ ಎಂದು ತರಬೇಕು.

ಎಂಥದ್ದನ್ನು ಆರಿಸಬೇಕು ಎಂದು ಕೇಳಿದ್ದೀರಿ. ಮೊದಲನೆಯದು ಭಾಷೆ, ಅದೂ ಕಿವಿಗೆ ಬೀಳುವ ಭಾಷೆ. ಇಂಗ್ಲಿಷ್ ಮಾತಿನ ಕೆಳಗೆ ಕನ್ನಡ ಅಕ್ಷರ ಓಡಿಸಿದರೆ ಕನ್ನಡಕ ಮರೆತು ಬಂದ ಅಮ್ಮನಿಗೆ ಏನೂ ಸಿಗುವುದಿಲ್ಲ. ‘ಮೂತ್ರಪಿಂಡದ ಅಂಗಾಂಶ ಪರೀಕ್ಷೆ’ ಎಂಬ ಕನ್ನಡವೂ ಅವರಿಗೆ ಇಂಗ್ಲಿಷಿನಷ್ಟೇ ದೂರ, ‘ಕಿಡ್ನಿ’ ಎಂದರೇ ಹತ್ತಿರ. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ನಿಮ್ಮ ಕಡೆ ದಖ್ಖನಿ ಉರ್ದು, ಲಂಬಾಣಿ ಮಾತಾಡುವ ಮನೆಗಳಿಗೆ ಆಯಾ ಮಾತಿನಲ್ಲೇ ಬೇಕು. ಮೈಯ ಒಳಗಿನದ್ದಕ್ಕೆ ಬಿಡಿಸಿದ ಚಿತ್ರ ಇರಲಿ, ಹೊರಗಿನದ್ದಕ್ಕೆ ನಿಜವಾದ ಕೋಣೆ, ನಿಜವಾದ ಮೇಜು ಇರಲಿ. ರಕ್ತ, ಚರ್ಮದೊಳಗೆ ಇಳಿಯುವ ಸೂಜಿ ಬೇಡ. ಐದಾರು ನಿಮಿಷ ಸಾಕು, ಅದನ್ನೂ ನಡುನಡುವೆ ನಿಲ್ಲಿಸುವಂತಿರಬೇಕು. ಬಯಾಪ್ಸಿ ಆದ ಒಬ್ಬರು ತಮ್ಮ ಅನುಭವವನ್ನು ಒಂದು ನಿಮಿಷ ಹೇಳಿದ್ದರೆ ಇನ್ನೂ ಒಳ್ಳೆಯದು. ‘ನಂಗೂ ಬಾಳ ಹೆದರಿಕಿ ಇತ್ತು’ ಎಂದು ಇಳಕಲ್ ಸೀರೆ ಉಟ್ಟ ಹೆಂಗಸೊಬ್ಬರು ಹೇಳಿದರೆ ಅದರ ತೂಕ ನನ್ನ ಮಾತಿಗೆ ಬರುವುದಿಲ್ಲ.

ಇಂಥದ್ದು ಸಿಗದಿದ್ದರೆ ಮಾಡಿಕೊಳ್ಳಿ. ಆಸ್ಪತ್ರೆಗೆ ಎರಡು ಮೂರು ದಿನ ಮೊದಲೇ ಹೋಗಿ, ಆ ಕೋಣೆಯ ಹಿರಿಯ ನರ್ಸ್ ಬಳಿ ಅನುಮತಿ ಕೇಳಿ. ಖಾಲಿ ಮೇಜು, ದಿಂಬು, ಅಲ್ಟ್ರಾಸೌಂಡ್ ಯಂತ್ರ ತೋರಿಸುತ್ತಾ ಅವರೇ ಎರಡು ಮಾತು ಹೇಳಲಿ, ನೀವು ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಬೇರೆ ರೋಗಿಗಳು ಚಿತ್ರದಲ್ಲಿ ಬರದಂತೆ ನೋಡಿಕೊಳ್ಳಿ. ಮೂರು ನಿಮಿಷದ ಆ ವಿಡಿಯೊದಲ್ಲಿ ಕಂಡ ಮುಖವೇ ಬಯಾಪ್ಸಿಯ ದಿನ ‘ಬರ್ರಿ ಅಮ್ಮಾ’ ಎಂದು ಕೈ ಹಿಡಿದರೆ ಅರ್ಧ ಹೆದರಿಕೆ ಬಾಗಿಲಲ್ಲೇ ಉಳಿಯುತ್ತದೆ.

ತೋರಿಸುವ ಹೊತ್ತೂ ಮುಖ್ಯ. ರಾತ್ರಿ ಮಲಗುವ ಮುಂಚೆ ಬೇಡ, ಬಯಾಪ್ಸಿಗೆ ಹೋಗುವ ಹತ್ತು ನಿಮಿಷ ಮೊದಲೂ ಬೇಡ. ಎರಡು ದಿನ ಮುಂಚೆ, ಹಗಲು ಹೊತ್ತು, ಊಟವಾದ ಮೇಲೆ. ಮುಗಿದ ನಂತರ ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ‘ಅಪ್ಪನಿಗೆ ನೀನೇ ಹೇಳು, ಏನೇನು ಮಾಡ್ತಾರಂತೆ’ ಎನ್ನಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಇನ್ನೊಂದು ಸಲ ತೋರಿಸಿ. ಆಮೇಲೆ ಹಾಸಿಗೆಯ ಮೇಲೆ ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ದಿಂಬಿಟ್ಟು, ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದನ್ನು ದಿನಕ್ಕೆ ಎರಡು ಮೂರು ಸಲ ಅಭ್ಯಾಸ ಮಾಡಿಸಿ. ಮಲಗಿದಾಗ ಏದುಸಿರು ಬಂದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.

ಒಂದು ಮಾತು. ಕೆಲವರಿಗೆ ವಿವರ ಕೇಳಿದಷ್ಟೂ ಧೈರ್ಯ, ಇನ್ನು ಕೆಲವರಿಗೆ ‘ನೀವು ಮಾಡಿ, ನನಗೆ ಹೇಳಬೇಡಿ’ ಎಂಬುದೇ ಧೈರ್ಯ. ಎರಡೂ ಸ್ವಭಾವಗಳು ಸಹಜ. ಅಮ್ಮ ಎರಡನೆಯ ಬಗೆಯವರಾಗಿದ್ದರೆ ವಿಡಿಯೊವನ್ನು ಬಲವಂತವಾಗಿ ತೋರಿಸಬೇಡಿ. ಒಪ್ಪಿಗೆಗೆ ಬೇಕಾದಷ್ಟು ವಿಷಯ ವೈದ್ಯರು ಹೇಳಲೇಬೇಕು. ಅದರಾಚೆಗೆ ಉಸಿರು ಹಿಡಿಯುವುದು, ಆ ಸದ್ದು, ಮುಗಿದ ಮೇಲೆ ಅಲುಗಾಡದೆ ಮಲಗುವುದು, ಈ ಮೂರೇ ಸಾಕು.

ಮಲಗುವುದು ಎಂದಾಗ ನೆನಪಾಯಿತು. ನಾನು ನೋಡಿದ ಹೆಚ್ಚಿನ ವಿಡಿಯೊಗಳು ಸೂಜಿ ಹೊರಬಂದಲ್ಲಿಗೆ ಮುಗಿಯುತ್ತವೆ. ರೋಗಿಯ ಪಾಲಿಗೆ ಉದ್ದನೆಯ ಭಾಗ ಶುರುವಾಗುವುದೇ ಅಲ್ಲಿಂದ. ಆರು ಗಂಟೆಯಾದರೂ ಅಂಗಾತ ಮಲಗಿರಬೇಕು, ಬಹಳ ಕಡೆ ಒಂದು ರಾತ್ರಿ ಇರಿಸಿಕೊಳ್ಳುತ್ತಾರೆ. ಮೊದಲ ಗಂಟೆಗಳಲ್ಲಿ ಮತ್ತೆ ಮತ್ತೆ ನಾಡಿ, ಬಿ.ಪಿ. ನೋಡುತ್ತಾರೆ. ಪದೇ ಪದೇ ಬಂದರೆಂದು ಅಮ್ಮ ಗಾಬರಿಯಾಗಬಾರದು, ಅದು ಎಲ್ಲರಿಗೂ ಮಾಡುವ ಕ್ರಮ. ಪ್ರತಿ ಸಲದ ಮೂತ್ರವನ್ನೂ ಬಣ್ಣ ನೋಡಲು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತಾರೆ. ಮೂತ್ರವನ್ನು ಮಲಗಿದಲ್ಲೇ ಬೆಡ್‌ಪ್ಯಾನಿನಲ್ಲಿ ಮಾಡಬೇಕು. ಹೆಣ್ಣುಮಕ್ಕಳು ಯಾರಿಗೂ ಹೇಳದ ಹೆದರಿಕೆ ಇದು. ನಾಚಿಕೆಯಿಂದ ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟವರನ್ನು, ಹೊಟ್ಟೆ ಬಿರಿಯುವಂತಾದರೂ ತಡೆದುಕೊಂಡವರನ್ನು, ಯಾರೂ ನೋಡದಾಗ ಎದ್ದು ಬಚ್ಚಲಿಗೆ ಹೋಗಿ ತಲೆಸುತ್ತಿ ಕೂತವರನ್ನು ನೋಡಿದ್ದೇನೆ. ಪರದೆ ಇದೆ, ಮಗಳು ಪಕ್ಕದಲ್ಲಿರುತ್ತಾಳೆ, ಅದು ತಪ್ಪಲ್ಲ ಎಂದು ಮುಂಚೆಯೇ ಹೇಳಿ. ಸಾಧ್ಯವಾದರೆ ಮನೆಯಲ್ಲಿ ಒಮ್ಮೆ ಅಭ್ಯಾಸವೂ ಆಗಲಿ.

ಮನೆಗೆ ಬಂದ ಮೇಲೆ ಒಂದೆರಡು ವಾರ ಕೊಡ ಎತ್ತುವುದು, ಭಾರದ ಕೆಲಸ, ಹೊಂಡದ ರಸ್ತೆಯಲ್ಲಿ ಬೈಕ್ ಬೇಡ. ಮೂತ್ರ ಗಾಢ ಕೆಂಪಾದರೆ, ಗಡ್ಡೆಗಟ್ಟಿದ ರಕ್ತ ಬಂದರೆ, ಮೂತ್ರ ಕಟ್ಟಿಕೊಂಡರೆ, ಪಕ್ಕೆಯಲ್ಲಿ ತಡೆಯಲಾರದ ನೋವು, ತಲೆಸುತ್ತು ಅಥವಾ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ. ವರದಿ ಪೂರ್ತಿ ಬರಲು ಕೆಲವು ದಿನ ಬೇಕು, ಒಂದೇ ಎಳೆಯನ್ನು ಬೇರೆ ಬೇರೆ ರೀತಿಯ ಸೂಕ್ಷ್ಮದರ್ಶಕಗಳಲ್ಲಿ ನೋಡಬೇಕಾಗುತ್ತದೆ. ತಡವಾಯಿತೆಂದರೆ ದೊಡ್ಡ ಕಾಯಿಲೆ ಎಂದಲ್ಲ ಎಂಬುದನ್ನೂ ಹೇಳಿಟ್ಟಿರಿ.

ಅಮ್ಮನ ‘ಬ್ಯಾಡ’ವನ್ನು ಹಟ ಎಂದು ತೆಗೆದುಹಾಕದೆ ಅವರ ಪರವಾಗಿ ವೈದ್ಯರ ಬಳಿ ಒಂದು ಪ್ರಶ್ನೆ ಕೇಳಿ: ಈ ಬಯಾಪ್ಸಿಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ವಯಸ್ಕರಲ್ಲಿ ಹೀಗೆ ಪ್ರೋಟೀನ್ ಸೋರಲು ಕಾರಣ ಹಲವು, ಒಂದೊಂದಕ್ಕೂ ಮದ್ದು ಬೇರೆ. ಒಂದು ಕಾಯಿಲೆಗೆ ಕೊಡುವ ಬಲವಾದ ಔಷಧ ಇನ್ನೊಂದಕ್ಕೆ ಬರೀ ತೊಂದರೆ. ಮೆಂಬ್ರೇನಸ್ ಎಂಬ ಬಗೆಯ ಕಿಡ್ನಿ ಕಾಯಿಲೆಯಲ್ಲಿ ಪಿ.ಎಲ್.ಎ.2.ಆರ್. ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಕೆಲವರಿಗೆ ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆ ಶುರು ಮಾಡಬಹುದು. ಅಮ್ಮನಿಗೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಅವರನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು. ‘ಏಕೆ’ ಎಂಬುದಕ್ಕೆ ನೇರ ಉತ್ತರ ಸಿಕ್ಕ ಮೇಲೆ ‘ಬ್ಯಾಡ’ ಎಂದವರು ತಾವೇ ಒಪ್ಪಿದ್ದನ್ನು ಬಹಳ ಸಲ ಕಂಡಿದ್ದೇನೆ.

ಕೊನೆಯ ಪ್ರಶ್ನೆ, ಪಕ್ಕದಲ್ಲಿ ಇರಬಹುದೇ ಎಂದು. ಸೂಜಿ ಹಾಕುವ ಹೊತ್ತಿನಲ್ಲಿ ಬಹಳ ಕಡೆ ಒಳಗೆ ಬಿಡುವುದಿಲ್ಲ, ಸೋಂಕಿನ ಕಾರಣಕ್ಕೆ. ಕೆಲವು ಕಡೆ ತಲೆಯ ಪಕ್ಕ ನಿಂತು ಕೈ ಹಿಡಿದುಕೊಳ್ಳಲು ಬಿಡುತ್ತಾರೆ, ಕೇಳಿ ನೋಡಿ. ಬಿಡದಿದ್ದರೆ ನಿಮ್ಮ ದನಿಯಲ್ಲಿ ಎರಡು ನಿಮಿಷ ಏನಾದರೂ ಮಾತು, ಮನೆಯ ಸುದ್ದಿಯಾದರೂ ಸರಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟಿರಿ. ಮರಗಟ್ಟಲು ಕಾಯುವಾಗ ಕೇಳಿಸುತ್ತಾರೆ. ಆಮೇಲಿನ ಆರು ಗಂಟೆ ಅಮ್ಮನ ಪಕ್ಕದ ಸ್ಟೂಲು ನಿಮ್ಮದೇ. ಬಗ್ಗಿಸಬಹುದಾದ ಒಂದು ಸ್ಟ್ರಾ ತೆಗೆದುಕೊಂಡು ಹೋಗಿ, ಮಲಗಿಕೊಂಡೇ ಚಹಾ ಕುಡಿಯಲು ಬೇಕಾಗುತ್ತದೆ.